ಗೋಳಗುಮ್ಮಟದಲ್ಲಿ ಐ ಲವ್ ಯೂ

ವಿಜಯಪುರದ ಗೋಳಗುಮ್ಮಟ 1656ರಲ್ಲಿ ಮುಗಿದದ್ದು. ಮೇಲಿನ ಗ್ಯಾಲರಿಯಲ್ಲಿ ಈ ಕಡೆ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಸುಮಾರು 37 ಮೀಟರ್ ಆಚೆ ಕಿವಿ ಇಟ್ಟವರಿಗೆ ಕೇಳುತ್ತದೆ. ಪ್ರೇಮಿಗಳಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಆದರೆ ಭಾನುವಾರ ಹತ್ತಿ ನೋಡಿ. ಬರೀ ಸೀಟಿ, ಕೇಕೆ. ಅದರ ನಡುವೆ ಒಬ್ಬ ಹುಡುಗ ಗಂಟಲು ಹರಿಯುವಂತೆ 'ಐ ಲವ್ ಯೂ' ಅಂತ ಚೀರುತ್ತಾನೆ, ಗುಮ್ಮಟ ಅದನ್ನೇ ಏಳೆಂಟು ಸಲ ಅವನಿಗೆ ವಾಪಸ್ ಹೇಳುತ್ತದೆ, ಅವನಿಗೆ ಅಷ್ಟಕ್ಕೇ ಖುಷಿ. ಪಕ್ಕದಲ್ಲಿ ನಿಂತ ಹುಡುಗಿ ಏನೋ ಹೇಳುತ್ತಾಳೆ. ಏನಂತ ಯಾರಿಗೂ ಕೇಳಿಸುವುದಿಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಕೆನಡಾದ ಸಮಾಜಶಾಸ್ತ್ರಜ್ಞ ಜಾನ್ ಅಲನ್ ಲೀ ಅನ್ನುವವರು 1973ರಲ್ಲಿ ಪ್ರೀತಿಗೆ ಆರು ಬಗೆ ಹೇಳಿದರು. ನೋಡಿದ ಕೂಡಲೇ ಬೀಳೋದು, ಆಟ ಆಡಿಸೋದು, ಗೆಳೆತನದಿಂದ ಬೆಳೆಯೋದು, ಲೆಕ್ಕ ಹಾಕಿ ಮಾಡೋದು, ಹುಚ್ಚು ಹತ್ತಿಸಿಕೊಳ್ಳೋದು, ತನಗೇನೂ ಬೇಡ ಅನ್ನೋದು. ಮಾತಿನಿಂದ ಬೇಕಾಗುವುದೂ ಒಬ್ಬೊಬ್ಬರಿಗೆ ಬೇರೆ. ಕೆಲವರಿಗೆ ಸಮಾಧಾನ ಬೇಕು, ಕೆಲವರಿಗೆ ಚೇಷ್ಟೆ, ಇನ್ನು ಕೆಲವರಿಗೆ ಜಗಳ ಬಗೆಹರಿದರೆ ಸಾಕು. ಪಾಪ, ಲೀ ಸಾಹೇಬರು ನಮ್ಮೂರಿಗೆ ಬಂದಿದ್ದರೆ ಏಳನೆಯದೂ ಸಿಗುತ್ತಿತ್ತು: ಗೋಡೆ ಕೆರೆಯುವ ಪ್ರೀತಿ.

ಈ ಬಗೆಯವನಿಗೆ ಹುಡುಗಿ ಜೊತೆ ಮಾತಾಡುವ ತಾಪತ್ರಯವೇ ಇಲ್ಲ. ಬೈಕಿನ ಕೀಲಿ ತೆಗೆದು ಒಂದು ಹೃದಯ, ಅದಕ್ಕೊಂದು ಬಾಣ, ಎರಡು ಅಕ್ಷರ ಕೆತ್ತಿದರೆ ಮುಗೀತು. ಆ ಎರಡನೇ ಅಕ್ಷರದವಳಿಗೆ ವಿಷಯ ಗೊತ್ತೋ ಇಲ್ಲವೋ, ಪುರಾತತ್ವ ಇಲಾಖೆಗೆ ಮಾತ್ರ ಗೊತ್ತಾಗುತ್ತದೆ. ಸ್ಮಾರಕ ರಕ್ಷಣೆಯ ಕಾನೂನಿಗೆ 2010ರಲ್ಲಿ ತಿದ್ದುಪಡಿ ಆದ ಮೇಲೆ ಇಂಥ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ಅಪ್ಪನ ಹತ್ತಿರ ಮದುವೆ ಮಾತು ಎತ್ತಲು ಹೆದರುವವನು ಇದಕ್ಕೆ ಹೆದರುವುದಿಲ್ಲ ನೋಡಿ.

ಗದ್ದಲ ಒಂಚೂರು ನಿಂತಾಗ ಒಬ್ಬ ಅಜ್ಜ ಗೋಡೆಗೆ ಬಾಯಿ ಹಚ್ಚಿ, "ನೀರಿನ ಬಾಟ್ಲಿ ಎಲ್ಲಿಟ್ಟೀ?" ಅಂತಾನೆ. ಆ ಕಡೆಯಿಂದ ಅಜ್ಜಿ, "ನಿಮ್ಮ ಕೈಯಾಗs ಐತಲ್ರೀ." ಇಡೀ ದಿನದಲ್ಲಿ ಆ ಗ್ಯಾಲರಿ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ ಸಲ ಇರಬೇಕು.

ಕೆಳಗೆ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಗೋರಿಯ ಜೊತೆ ಅವನ ಪ್ರೇಯಸಿ ರಂಭಾಳ ಗೋರಿಯೂ ಇದೆ. ಪ್ರೀತಿ ನಿಜವಾದರೆ ಈ ಮೇಲಿನ ಗ್ಯಾಲರಿಯಿಂದ ಹಾರು ಅಂತ ಸುಲ್ತಾನ ತಮಾಷೆಗೆ ಅಂದ, ಆಕೆ ಹಾರಿಯೇ ಬಿಟ್ಟಳು ಅಂತ ಗೈಡ್‌ಗಳು ಕಥೆ ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಬಿಡಿ. ಕೇಳಿದವರೆಲ್ಲ ಎಂಥಾ ಪ್ರೀತಿ ಅಂತ ಲೊಚಗುಟ್ಟುತ್ತಾರೆ. "ಯಪ್ಪಾ, ಅಂವಾ ಹಂಗ್ಯಾಕ ಕೇಳಿದ?" ಅಂತ ಒಬ್ಬರೂ ಕೇಳುವುದಿಲ್ಲ.