ಒಂದು ಎಂಜಿನ್ನು, ಎರಡು ಸೈಲೆನ್ಸರು

ಕಿವಿ ಕಿವುಡಾಗುವಂತೆ ಸದ್ದು ಮಾಡುತ್ತವೆಂದು ಬೈಕುಗಳಿಂದ ಕಿತ್ತ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸಿದ ಚಿತ್ರ ಮತ್ತೆ ಪತ್ರಿಕೆಯಲ್ಲಿ ಬಂದಿದೆ. ನೀವೂ ನೋಡಿರುತ್ತೀರಿ. ಅಪರಾಧಿಗಳು ಚಪ್ಪಟೆಯಾಗಿದ್ದಾರೆ, ಅಧಿಕಾರಿಗಳು ಎದೆಯುಬ್ಬಿಸಿ ನಿಂತಿದ್ದಾರೆ. ನನಗೆ ಆಶ್ಚರ್ಯವಾದದ್ದು ರೋಲರನ್ನು ಕಂಡು. ಹುಬ್ಬಳ್ಳಿಯ ಗುಂಡಿಗಳು ವರ್ಷಗಟ್ಟಲೆ ಕಾದರೂ ದರ್ಶನ ಕೊಡದ ಆ ಮಹಾನುಭಾವ ಸೈಲೆನ್ಸರ್ ಎಂದೊಡನೆ ಓಡಿ ಬರುತ್ತಾನೆ.

ಚಿತ್ರದ ಕೆಳಗೆ ಒಂದು ಎಚ್ಚರಿಕೆಯೂ ಇದೆ: ಎಂಜಿನ್ ಬದಲಿಸಿದ ಬೈಕುಗಳ ಮೇಲೂ ಕ್ರಮ ಜರುಗಿಸಲಾಗುವುದು. ಇದು ನೇರವಾಗಿ ಹಳೇ ಹುಬ್ಬಳ್ಳಿಯ ಮಿಸ್ತ್ರಿಗಳ ಹೊಟ್ಟೆಯ ಮೇಲೆ ಹರಿಯುವ ರೋಲರು.

ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಅಲ್ಲಿ ಹುಟ್ಟಿದ ಯೆಜ್ಡಿ ಬೈಕುಗಳು ಅನಾಥವಾದವು. ಅಪ್ಪನ ಕಾಲದ ಗಾಡಿ, ಮಾರಲು ಮನಸ್ಸಿಲ್ಲ. ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ಗಾಡಿ ಕುಡಿಯುವ ಪೆಟ್ರೋಲಿಗೆ ಸಂಬಳ ಸಾಲದು. ಮಿಸ್ತ್ರಿ ಗುಜರಿಯಿಂದ ಹೀರೊ ಹೋಂಡಾ ಎಂಜಿನ್ ಹೊತ್ತು ತರುತ್ತಾನೆ. 250 ಸಿಸಿಯ ಟೂ ಸ್ಟ್ರೋಕ್ ಮೆರೆದ ಜಾಗದಲ್ಲಿ 97 ಸಿಸಿ. ಯೆಜ್ಡಿಯ ಸಿಲಿಂಡರ್ ನಿಂತಿರುತ್ತದೆ, ಹೀರೊ ಹೋಂಡಾದ್ದು ಮುಂದಕ್ಕೆ ಮಲಗಿರುತ್ತದೆ. ಹಾಗಾಗಿ ಟ್ಯಾಂಕಿನ ಕೆಳಗೆ ಈಚೆಯಿಂದ ಕೈ ಹಾಕಿ ಆಚೆ ತೆಗೆಯುವಷ್ಟು ಜಾಗ ಖಾಲಿ ಉಳಿಯುತ್ತದೆ. ನಾನು ಕಂಡ ಒಂದು ಗಾಡಿಯ ಮಾಲೀಕರು ಅಲ್ಲಿ ಊಟದ ಡಬ್ಬಿ ಕಟ್ಟಿದ್ದರು. ಧಾರವಾಡ ಮುಟ್ಟುವ ಹೊತ್ತಿಗೆ ಬದನೆಕಾಯಿ ಪಲ್ಯ ಬೆಚ್ಚಗಾಗಿರುತ್ತದಂತೆ.

ಸೈಲೆನ್ಸರಿನದು ಇನ್ನೂ ಸೊಗಸು. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು. ಹೀರೊ ಹೋಂಡಾ ಎಂಜಿನ್ನಿಗೆ ಬಲಗಡೆಯದೊಂದೇ ಸಾಕು. ಆದರೂ ಎಡಗಡೆಯದನ್ನು ಬಿಚ್ಚಲು ಯಾವ ಮಾಲೀಕರೂ ಒಪ್ಪುವುದಿಲ್ಲ. ಅದು ಹೊಗೆಯಿಲ್ಲದೆ, ಸದ್ದಿಲ್ಲದೆ, ಥಳಥಳ ಹೊಳೆಯುತ್ತ ಜೊತೆಗೆ ಪ್ರಯಾಣ ಮಾಡುತ್ತದೆ. 1962ರಿಂದ ಎರಡು ಊರಿಗೆ ಒಂದೇ ಮಹಾನಗರ ಪಾಲಿಕೆ ಇರುವಲ್ಲಿ, ಯಾವುದು ಹೊಗೆ ಬಿಡುವ ಸೈಲೆನ್ಸರು, ಯಾವುದು ಶೋಭೆಯದು ಎಂದು ಧಾರವಾಡದವರನ್ನು ಮಾತ್ರ ಕೇಳಬೇಡಿ. 2025ರ ಜನವರಿಯಲ್ಲಿ ಸಚಿವ ಸಂಪುಟ ಅವರಿಗೆ ಪ್ರತ್ಯೇಕ ಪಾಲಿಕೆ ಮಂಜೂರು ಮಾಡಿತು. ಆ ಪುರಾಣ ಇನ್ನೊಂದು ದಿನ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ತಯಾರಕರು ಹೇಳಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಶಿಕ್ಷೆಯೂ ಬಂತು: ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ ಬದಲಾವಣೆಯೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ವಾಷರುಗಳನ್ನೂ ಲೆಕ್ಕಕ್ಕೆ ಹಿಡಿದರೆ ನಮ್ಮ ಮಿಸ್ತ್ರಿ ರಾಜ್ಯದ ಬಜೆಟ್ಟಿನ ಕೊರತೆಯನ್ನು ಒಬ್ಬನೇ ತುಂಬಬಲ್ಲ. ಆ 52ನೇ ಕಲಮಿನಲ್ಲೇ ಒಂದು ಮಮತೆಯ ಸಾಲೂ ಇದೆ. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಉಳ್ಳವರಿಗೆ, ಮುಂಚಿತ ಒಪ್ಪಿಗೆ ಇಲ್ಲದೆಯೇ ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಕೂರಿಸಿಕೊಳ್ಳಲು ಸರ್ಕಾರ ಅನುಮತಿ ಕೊಡಬಹುದು. ಒಂದೇ ಗಾಡಿ ಇಟ್ಟುಕೊಂಡವನು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಬಡವರಿಗೆ ತಾಳ್ಮೆ ಕಲಿಸುವ ಇಂಥ ಕಾಯ್ದೆ ಬೇರೆ ಯಾವ ದೇಶದಲ್ಲಿದೆ?

ತಯಾರಕರೇ ಮಾಡಿದರೆ? ಡೀಸೆಲ್ ಬುಲೆಟ್ ನೆನಪಿಸಿಕೊಳ್ಳಿ. ಪೆಟ್ರೋಲ್ ಬುಲೆಟ್ಟಿನ ಮೈಯೊಳಗೆ 325 ಸಿಸಿಯ ಡೀಸೆಲ್ ಎಂಜಿನ್ ಕೂರಿಸಿ ಟಾರಸ್ ಎಂದು ಹೆಸರಿಟ್ಟು ಕಂಪನಿಯೇ ಮಾರಿತು. ಆರೂವರೆ ಅಶ್ವಶಕ್ತಿ. ಆ ದೇಹಕ್ಕೆ ಆ ಕುದುರೆಗಳು ಸಾಲುತ್ತಿರಲಿಲ್ಲ, ಆದರೆ ಡೀಸೆಲ್ ಅಗ್ಗ, ಮೈಲೇಜು ಭಾರಿ. ನಮ್ಮ ಕಡೆ ಹಾಲಿನ ಕ್ಯಾನುಗಳನ್ನು ಜೋತುಹಾಕಿಕೊಂಡು ಅದರಲ್ಲಿ ಬರುತ್ತಿದ್ದ ಗೌಡರೊಬ್ಬರಿದ್ದರು. ಅವರು ಓಣಿಗೆ ಕಾಲಿಡುವ ಮೊದಲೇ ಕಿಟಕಿಯ ಗಾಜು ನಡುಗಿ ಸುದ್ದಿ ಕೊಡುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡೆರಡಾಗಿ ಕಾಣುತ್ತಿತ್ತಂತೆ. ಅದಕ್ಕೇ ಅವರು ಕನ್ನಡಿ ಕಿತ್ತೆಸೆದು, ಹಿಂದೆ ಬರುವವರ ಜವಾಬ್ದಾರಿಯನ್ನು ಹಿಂದೆ ಬರುವವರಿಗೇ ಬಿಟ್ಟಿದ್ದರು. ಗಾಡಿ ನಿಂತ ಮೇಲೂ ಅವರ ಕೈ ಸ್ವಲ್ಪ ಹೊತ್ತು ನಡುಗುತ್ತಿತ್ತು, ಚಹಾ ತಟ್ಟೆಗೆ ಚೆಲ್ಲುತ್ತಿತ್ತು. ಅದೆಲ್ಲ ಶುದ್ಧ ಕಾನೂನುಬದ್ಧ, ಆರ್‌ಸಿ ಪುಸ್ತಕದಲ್ಲೇ ಬರೆದದ್ದು.

ಮಿಸ್ತ್ರಿ ಹೇಳುವ ಮಾತೇ ಬೇರೆ. "ಕೂರಿಸುವುದೇನು ದೊಡ್ಡದು ಸಾಹೇಬರೇ, ಎರಡು ಪಟ್ಟಿ ವೆಲ್ಡ್ ಮಾಡಿದರೆ ಆನೆಯನ್ನೂ ಕೂರಿಸಬಹುದು. ಚೈನ್ ಲೈನ್ ಸಿಗಬೇಕು." ಚೈನ್ ಸುತ್ತುವ ಹಲ್ಲುಚಕ್ರಗಳಲ್ಲಿ ಮುಂದಿನ ಸ್ಪ್ರಾಕೆಟ್ಟಿನಿಂದ ಹಿಂದಿನದಕ್ಕೆ ನೂಲು ಹಿಡಿದು, ನೆಲದ ಮೇಲೆ ಕೆನ್ನೆಯಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಒಂದು ವಾಷರ್ ಸೇರಿಸುತ್ತಾನೆ, ಮತ್ತೆ ತೆಗೆಯುತ್ತಾನೆ. ಲೈನ್ ತಪ್ಪಿದರೆ ಉಣಕಲ್ ದಾಟುವುದರೊಳಗೆ ಚೈನ್ ಕಳಚುತ್ತದೆ, ಗಿರಾಕಿ ಬೈಕನ್ನು ತಳ್ಳಿಕೊಂಡು ಇವನ ಅಂಗಡಿಗೇ ಬರುತ್ತಾನೆ ಎಂಬ ಭಯ ಅವನಿಗಿದೆ.

ಆ ಭಯ ಇಲ್ಲದವರು ಯಾರೆಂದು ಹೇಳಬೇಕೇ? ಉಣಕಲ್ ದಾಟಿಯೇ ಹೋಗುವ ಬಿಆರ್‌ಟಿಎಸ್ ನೋಡಿ, ಅವಳಿ ಊರುಗಳ ನಡುವೆ ಬಸ್ಸಿಗೆಂದೇ ಮೀಸಲಿಟ್ಟ ದಾರಿ. 22 ಕಿಲೋಮೀಟರಿನ ಪಥ, 2020ರ ಫೆಬ್ರುವರಿಯಲ್ಲಿ ಉಪರಾಷ್ಟ್ರಪತಿಗಳಿಂದ ಉದ್ಘಾಟನೆ. ನಿಲ್ದಾಣ ರಸ್ತೆಯ ನಟ್ಟನಡುವೆ, ಆದ್ದರಿಂದ ಅಲ್ಲಿ ಓಡುವ ಚಿಗರಿ ಎಂಬ ಹೆಸರಿನ ಬಸ್ಸಿಗೆ ಬಾಗಿಲು ಬಲಗಡೆ. ಪಥ ಬಿಟ್ಟು ಹೊರಗೆ ಬಂದರೆ ಆ ಬಸ್ಸಿನಿಂದ ಇಳಿಯುವವರು ಎದುರಿಗೆ ಬರುವ ಲಾರಿಯ ಮುಂದೆಯೇ ಇಳಿಯಬೇಕು. ಹೊರಗೆ ಬಾಳದ ಬಸ್ಸು, ಬೇರೆಯವರನ್ನು ಒಳಗೆ ಬಿಡದ ಪಥ. ಅದರ ಎರಡೂ ಪಕ್ಕ ಉಳಿದ ಇಕ್ಕಟ್ಟಿನಲ್ಲಿ ನಾವು: ಲಾರಿ, ಟಂಟಂ, ಕಬ್ಬಿನ ಟ್ರ್ಯಾಕ್ಟರು, ಎರಡು ಸೈಲೆನ್ಸರಿನ ಯೆಜ್ಡಿ. ಜೋರು ಮಳೆಯಾದರೆ ಧಾರವಾಡದ ಟೋಲ್ ನಾಕಾದಲ್ಲಿ ರಸ್ತೆ ಯಾವುದು, ಹಳ್ಳ ಯಾವುದು ತಿಳಿಯುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ಚೀಲ ತಲೆಯ ಮೇಲಿಟ್ಟುಕೊಂಡು ನಿಲ್ದಾಣಕ್ಕೆ ದಾಟುವ ಮುದುಕಿಯನ್ನು ನೋಡಿ ನಗಲು ನನಗಂತೂ ಆಗುವುದಿಲ್ಲ. ಸಾಕಾಗಿದೆ. ವರ್ಷಗಳಿಂದ ಮನವಿ, ಧರಣಿ, ಸಭೆ. ಪ್ರತಿ ಸಭೆಯ ಕೊನೆಗೆ ಪರಿಶೀಲಿಸಲಾಗುವುದು ಎಂಬ ಒಂದೇ ಉತ್ತರ.

ಈಗ ಅದೇ ಪಥದ ಮೇಲೆ ವಿದ್ಯುತ್ತಿನಿಂದ ಓಡುವ ಇನ್ನೂ ಉದ್ದನೆಯ ವಾಹನ ಕೂರಿಸುವ ಮಾತು ಎದ್ದಿದೆ. ಕೂರಿಸಲಿ. ಆದರೆ ಬದಲಾವಣೆಯೊಂದಕ್ಕೆ 5,000 ರೂಪಾಯಿ ಎಂದು ಕಾಯ್ದೆಯಲ್ಲೇ ಇದೆಯಲ್ಲ, ಆ ರಸೀದಿಯನ್ನು ಯಾರ ಹೆಸರಿಗೆ ಬರೆಯುತ್ತೀರಿ?