ಮಿತಿ ಇಳಿಸಿದರೆ ಸಾಲದು, ಊದಿಸಿ ನೋಡುವವರೂ ಬೇಕು

ಕುಡಿದು ಗಾಡಿ ಓಡಿಸುವವರಿಗೆ 100 ಮಿ.ಲೀ. ರಕ್ತಕ್ಕೆ 80 ಮಿ.ಗ್ರಾಂ ಮದ್ಯಸಾರದ ಮಿತಿ ಇರುವ ಕಡೆ, ಅದನ್ನು 50ಕ್ಕೆ ತಂದರೆ ಅಪಘಾತ ತಾನಾಗಿ ಇಳಿಯುತ್ತದೆ ಎಂದು ಲೇಖನವೊಂದು ಹೇಳಿದೆ. ಆ ಮಾತನ್ನು ಪೂರ್ತಿ ಒಪ್ಪಲಾರೆ. ಇಳಿಸಬೇಕು, ಅದರಲ್ಲಿ ಎರಡು ಮಾತಿಲ್ಲ. 50 ಮುಟ್ಟುವಷ್ಟರಲ್ಲೇ ಚಲಿಸುವ ವಸ್ತುವಿನ ಮೇಲೆ ಕಣ್ಣು ನಿಲ್ಲುವುದಿಲ್ಲ, ಸ್ಟೀರಿಂಗ್ ಮೇಲಿನ ಹಿಡಿತ ತಪ್ಪತೊಡಗುತ್ತದೆ. ಆದರೆ ಸ್ಕಾಟ್ಲೆಂಡ್ 2014ರ ಡಿಸೆಂಬರಿನಲ್ಲಿ ಇದನ್ನೇ ಮಾಡಿತು. ಆಮೇಲೆ ನಡೆದ ಅಧ್ಯಯನದಲ್ಲಿ ಅಪಘಾತ ಕಡಿಮೆಯಾದದ್ದು ಕಾಣಲಿಲ್ಲ. ರಸ್ತೆಯಲ್ಲಿ ತಡೆದು ಊದಿಸುವುದು ಹೆಚ್ಚದೆ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ಹೊಸ ಮಿತಿಯಲ್ಲಿ ರಾತ್ರಿ ಕುಡಿದು ಮರುದಿನ ಬೆಳಿಗ್ಗೆ ಗಾಡಿ ತೆಗೆಯುವವರೂ ಸಿಕ್ಕಿಬೀಳಬಹುದು. ದೇಹ ಗಂಟೆಗೆ ಸುಮಾರು 15 ಮಿ.ಗ್ರಾಂ ಮಾತ್ರ ಇಳಿಸುತ್ತದೆ. ರಾತ್ರಿ 12ಕ್ಕೆ 150 ಇದ್ದರೆ ಬೆಳಿಗ್ಗೆ 6ಕ್ಕೆ ಇನ್ನೂ 60. ನಿದ್ದೆ, ಕಾಫಿ, ತಣ್ಣೀರು ಸ್ನಾನ ಯಾವುದೂ ಈ ಲೆಕ್ಕವನ್ನು ಬೇಗ ಓಡಿಸುವುದಿಲ್ಲ. ಇದನ್ನು ಜನರಿಗೆ ಮೊದಲೇ ತಿಳಿಸಬೇಕು, ದಯವಿಟ್ಟು.

ಇನ್ನು ಉಸಿರು ಊದಿಸಿ ಮದ್ಯಸಾರ ಅಳೆಯುವ ಯಂತ್ರ. ಈಗಷ್ಟೇ ಕುಡಿದವರ, ಮದ್ಯಸಾರವಿರುವ ಮೌತ್‌ವಾಶ್ ಬಳಸಿದವರ ಬಾಯಲ್ಲಿ ಉಳಿದ ಆವಿಯಿಂದ ಅಂಕಿ ಸುಳ್ಳೇ ಏರುತ್ತದೆ, ಹಾಗಾಗಿ 15 ನಿಮಿಷ ಕಾಯಿಸಿಯೇ ಊದಿಸಬೇಕು. ಊದುವವರು ಅರ್ಧಕ್ಕೆ ನಿಲ್ಲಿಸಿದರೆ ಶ್ವಾಸಕೋಶದ ಆಳದ ಗಾಳಿ ಬರುವುದೇ ಇಲ್ಲ, ಅಂಕಿ ಕಡಿಮೆ ತೋರುತ್ತದೆ. ಬಳಸುತ್ತಾ ಹೋದಂತೆ ಒಳಗಿನ ಸೆನ್ಸರ್ ಮಂದವಾಗುತ್ತದೆ, ಗೊತ್ತಿರುವ ಪ್ರಮಾಣದ ಅನಿಲ ಹಾಯಿಸಿ ಕಾಲಕಾಲಕ್ಕೆ ಅಳತೆ ಸರಿಪಡಿಸಲೇಬೇಕು. 80ರ ಮಿತಿಯಲ್ಲಿ 5 ಮಿ.ಗ್ರಾಂ ವ್ಯತ್ಯಾಸ ಸಣ್ಣದು, 50ರ ಮಿತಿಯಲ್ಲಿ ಅದು ಹತ್ತನೇ ಒಂದು ಭಾಗ.