ವೆಬರ್‌ನ ವರ್ಚಸ್ಸು ಸಾಕು, ಸ್ವಲ್ಪ ಫೈಲು ತೆಗೆಯಿರಿ

ನಿನ್ನೆ ರಾತ್ರಿ ಟೀವಿ ಚರ್ಚೆಯಲ್ಲಿ ಒಬ್ಬರು "ಮ್ಯಾಕ್ಸ್ ವೆಬರ್ ಹೇಳಿದ ವರ್ಚಸ್ಸು ನಮ್ಮ ನಾಯಕರಲ್ಲಿದೆ" ಅಂದರು. ಎದುರಿನವರು ತಕ್ಷಣ "ನಮ್ಮವರಲ್ಲೂ ಇದೆ" ಅಂದರು. ಅಲ್ಲಿಗೆ ಆ ಜರ್ಮನ್ ಸಮಾಜಶಾಸ್ತ್ರಜ್ಞ ವೆಬರ್ ಮುಗಿದ. ಈ ವಿಷಯಕ್ಕೆ ನನಗೆ ಎಷ್ಟು ಬೇಗ ಪಿತ್ತ ಕೆರಳುತ್ತದೆ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಆದ್ದರಿಂದ ಪೀಠಿಕೆ ಬೇಡ.

ವರ್ಚಸ್ಸು ಅನ್ನುವುದು ವೆಬರ್ ಕೊಟ್ಟ ಬಿರುದಲ್ಲ. ಪ್ರವಾದಿ, ಸೇನಾನಾಯಕ, ಮಾತಿನಿಂದ ಜನರನ್ನು ಕೆರಳಿಸುವ ಪುಢಾರಿ, ಎಲ್ಲರನ್ನೂ ಅವನು ಒಂದೇ ಪಂಕ್ತಿಯಲ್ಲಿ ಕೂರಿಸಿದ. ಅನುಯಾಯಿಗಳು ನಂಬಿರುವಷ್ಟು ದಿನ ಮಾತ್ರ ಅದು ನಡೆಯುತ್ತದೆ. ಪವಾಡವೋ ಗೆಲುವೋ, ಆಗಾಗ ರುಜುವಾತು ಕೊಡುತ್ತಲೇ ಇರಬೇಕು. ಸುತ್ತ ಸೇರಿದವರಿಗೆ ಹೊಟ್ಟೆಪಾಡಿದೆಯಲ್ಲ, ಅವರು ಹುದ್ದೆ ಕೇಳುತ್ತಾರೆ. ಆಮೇಲೆ ಉತ್ತರಾಧಿಕಾರಿ ಯಾರು ಎಂಬ ಜಗಳ. ಅಷ್ಟು ಹೊತ್ತಿಗೆ ವರ್ಚಸ್ಸು ಆಫೀಸಾಗಿರುತ್ತದೆ. 1919ರ ಜನವರಿ 28ರಂದು ಮ್ಯೂನಿಕ್‌ನ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದಲ್ಲಿ ಅವನು ಬ್ರಿಟನ್ನಿನ ಪ್ರಧಾನಿ ಗ್ಲ್ಯಾಡ್‌ಸ್ಟನ್‌ನ ಕಥೆ ಹೇಳುತ್ತಾನೆ. 1886ರಲ್ಲಿ ಆತ ಐರ್ಲೆಂಡಿಗೆ ಸ್ವಯಮಾಡಳಿತ ಅಂದಾಗ, ಅದು ಸರಿಯೋ ತಪ್ಪೋ ಎಂದು ಕೇಳದೆ ಇಡೀ ಪಕ್ಷಯಂತ್ರ ಅವನ ಹಿಂದೆ ಹೋಯಿತು. ಆ ಯಂತ್ರವನ್ನು ಕಟ್ಟಿದವರಲ್ಲೊಬ್ಬನಾದ ಜೋಸೆಫ್ ಚೇಂಬರ್ಲಿನ್ ಹೊರಗೆ ಬಿದ್ದ. ಟೀವಿಯವರು ಇದನ್ನು ಹೇಳುತ್ತಾರಾ? ಇಲ್ಲ. ನಮ್ಮ ಪ್ರಶ್ನೆಪತ್ರಿಕೆಗಳಿಗೂ "ಅಧಿಕಾರದ ಮೂರು ವಿಧಗಳನ್ನು (ಸಂಪ್ರದಾಯ, ವರ್ಚಸ್ಸು, ಕಾನೂನು) ವಿವರಿಸಿ" ಎಂಬುದರಾಚೆ ಏನೂ ಬೇಡ.

ನನ್ನ ತಕರಾರು ಒಂದೇ. ವೆಬರ್ ಇವತ್ತಿಗೂ ಕೆಲಸಕ್ಕೆ ಬರುವುದು ವರ್ಚಸ್ಸಿನಿಂದಲ್ಲ, ಫೈಲಿನಿಂದ.

1917ರಲ್ಲಿ 'ಫ್ರಾಂಕ್‌ಫುರ್ಟರ್ ತ್ಸೈಟುಂಗ್' ಪತ್ರಿಕೆಗೆ ಬರೆದ ಲೇಖನಗಳನ್ನು ಅವನು ಮರುವರ್ಷ ಸಂಸತ್ತು ಮತ್ತು ಸರ್ಕಾರದ ಕುರಿತ ಕಿರುಪುಸ್ತಕವಾಗಿ ತಂದ. ಅಲ್ಲಿ ಅವನ ಮಾತು ಮೆಕ್ಯಾನಿಕ್‌ನ ಮಾತು. ಅಧಿಕಾರಿಗಳ ಬಲ ಎಲ್ಲಿದೆ? ಒಂದು, ವಿಷಯದ ತಜ್ಞತೆ. ಎರಡು, ಕಡತಗಳು ತಮ್ಮ ಕೈಯಲ್ಲೇ ಇರುವುದರಿಂದ ಬರುವ ಮಾಹಿತಿ. ಮೂರು, ಆ ಮಾಹಿತಿಗೆ "ಗೋಪ್ಯ" ಎಂದು ಮುದ್ರೆ ಒತ್ತುವ ಅವಕಾಶ. ಮೊದಲನೆಯದನ್ನು ಹೊರಗಿನ ತಜ್ಞರನ್ನು ಕರೆಸಿ ಎದುರಿಸಬಹುದು. ಉಳಿದೆರಡಕ್ಕೆ ಸಂಸತ್ತಿನ ಸಮಿತಿಯೇ ಬೇಕು, ಅದಕ್ಕೆ ಫೈಲು ತರಿಸುವ, ಸಾಕ್ಷಿಗಳಿಗೆ ಪ್ರಮಾಣ ಮಾಡಿಸಿ ಪಾಟೀಸವಾಲು ಹಾಕುವ ಅಧಿಕಾರವಿರಬೇಕು. ದಿನಾ ಬಳಸಬೇಕೆಂದಿಲ್ಲ, ಚಾಟಿ ಗೋಡೆಯ ಮೇಲೆ ನೇತಾಡುತ್ತಿದ್ದರೆ ಸಾಕು, ಇಲಾಖೆಯವರು ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡುತ್ತಾರೆ ಎನ್ನುವುದು ಅವನ ಲೆಕ್ಕ.

ಅದಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಕೈಸರನ ಜರ್ಮನಿಯೇ ಉದಾಹರಣೆ. 1871ರ ಸಂವಿಧಾನದ 9ನೇ ವಿಧಿಯ ಪ್ರಕಾರ ಒಬ್ಬನೇ ವ್ಯಕ್ತಿ ರೈಶ್‌ಸ್ಟಾಗ್ (ಜನ ಆರಿಸಿದ ಸಂಸತ್ತು) ಮತ್ತು ಬುಂಡೆಸ್‌ರಾಟ್ (ರಾಜ್ಯ ಸರ್ಕಾರಗಳ ಪ್ರತಿನಿಧಿಗಳ ಸಭೆ) ಎರಡರಲ್ಲೂ ಇರುವಂತಿರಲಿಲ್ಲ. ಸರ್ಕಾರದ ನೀತಿಯಲ್ಲಿ ನಿಜವಾದ ಮಾತು ಬೇಕೆಂದರೆ ಬುಂಡೆಸ್‌ರಾಟ್‌ಗೆ ಹೋಗಬೇಕು, ಹೋದವನು ತನ್ನ ಸಂಸತ್ ಸ್ಥಾನವನ್ನೂ ಪಕ್ಷದ ಮೇಲಿನ ಹಿಡಿತವನ್ನೂ ಕಳೆದುಕೊಳ್ಳಬೇಕು. ಹೀಗಾಗಿ ಮೇಲೆ ಗುಮಾಸ್ತ ಬುದ್ಧಿಯ ಚಾನ್ಸಲರ್‌ಗಳು, ಕೆಳಗೆ ಕೂಗುವ ಸಂಸತ್ತು. ಆ ಸಂಸತ್ತಿನ ಕೈಲಾಗುತ್ತಿದ್ದದ್ದು ದುಡ್ಡು ನಿರಾಕರಿಸುವುದು, ದೂರುವುದು, ಅಡ್ಡಗಾಲು ಹಾಕುವುದು. ವೆಬರ್ ಇದನ್ನು ನಕಾರದ ರಾಜಕಾರಣ ಅಂದ. ಬುದ್ಧಿವಂತರು ಇಂಥ ಜಾಗಕ್ಕೆ ಯಾಕೆ ಬರುತ್ತಾರೆ, ಕಾರ್ಖಾನೆ, ಬ್ಯಾಂಕುಗಳ ಕಡೆ ಹೋಗುತ್ತಾರೆ ಎಂದೂ ಅಂದ.

2010ರ ನಮ್ಮ ಚಳಿಗಾಲದ ಅಧಿವೇಶನ ನೆನಪಿದೆಯಾ? 2ಜಿ ಹಗರಣಕ್ಕೆ ಜಂಟಿ ಸಂಸದೀಯ ಸಮಿತಿ ಬೇಕೆಂದು ವಿರೋಧಪಕ್ಷಗಳು ಹಟ ಹಿಡಿದು ಅಧಿವೇಶನ ಹೆಚ್ಚುಕಡಿಮೆ ಪೂರ್ತಿ ಕೊಚ್ಚಿಹೋಯಿತು. ಸಮಿತಿ ಬಂದದ್ದು 2011ರಲ್ಲಿ. ಆಗ ಎಲ್ಲರೂ ಸಂಸದರ ನಡತೆಯನ್ನು ಬೈದರು. ಅಲ್ಪಸಂಖ್ಯೆಯ ಸದಸ್ಯರು ಕೇಳಿದರೆ ಸಮಿತಿ ಆಗಲೇಬೇಕು ಎಂಬ ನಿಯಮವೇ ನಮ್ಮಲ್ಲಿಲ್ಲ, ಇನ್ನೇನು ಮಾಡುತ್ತಾರೆ ಎಂದು ಕೇಳಿದವರು ಕಡಿಮೆ. ಹಾಗೆ ನೋಡಿದರೆ ವೆಬರ್ ಕೇಳಿದ್ದು ಇದನ್ನೇ: ತನಿಖೆ ಬಹುಮತದ ಕೃಪೆಯಾಗಿರಬಾರದು, ಅಲ್ಪಮತದ ಹಕ್ಕಾಗಿರಬೇಕು. ಕೈಸರ್ ಹೋದ ಮೇಲೆ ಬಂದ 1919ರ ವೈಮಾರ್ ಸಂವಿಧಾನದ 34ನೇ ವಿಧಿ ಐದನೇ ಒಂದು ಭಾಗ ಸದಸ್ಯರಿಗೆ ಆ ಹಕ್ಕು ಕೊಟ್ಟಿತು. ಇಂದಿನ ಜರ್ಮನಿಯ ಮೂಲ ಕಾನೂನಿನ, ಅಂದರೆ ಸಂವಿಧಾನದ, 44ನೇ ವಿಧಿಯಲ್ಲಿ ಅದು ನಾಲ್ಕನೇ ಒಂದು. 2013ರ ಚುನಾವಣೆಯ ನಂತರ ದೊಡ್ಡ ಪಕ್ಷಗಳೆಲ್ಲ ಒಟ್ಟಾಗಿ, 631ರಲ್ಲಿ ವಿರೋಧಪಕ್ಷಕ್ಕೆ ಉಳಿದದ್ದು 127. ನಾಲ್ಕನೇ ಒಂದಕ್ಕೆ ಸಾಲದು. 2014ರಲ್ಲಿ ಸದನ ತನ್ನ ನಿಯಮಾವಳಿಗೆ ತಿದ್ದುಪಡಿ ತಂದು, ಆ ಅವಧಿಗೆ 120 ಸದಸ್ಯರು ಕೇಳಿದರೆ ಸಾಕು ಎಂದಿತು. ಆಳುವವರೇ ಚಾಟಿಯನ್ನು ಎದುರಿನವರ ಕೈಗೆ ಕೊಟ್ಟರು!

ಈಗ ಒಬ್ಬರು ಬರುತ್ತಾರೆ: "ಜನರೇ ನೇರವಾಗಿ ಆರಿಸುವ ಬಲಿಷ್ಠ ಅಧ್ಯಕ್ಷ ಬೇಕೆಂದು ಬರೆದವನೂ ಇದೇ ವೆಬರ್ ಅಲ್ಲವೇ? ಹಿಟ್ಲರನಿಗೆ ದಾರಿ ಮಾಡಿದ್ದು ಅದೇ ಅಲ್ಲವೇ?" ಬರೆದದ್ದು ಹೌದು. 1895ರ ಫ್ರೈಬುರ್ಗ್ ಭಾಷಣದಲ್ಲಿ ಪೋಲಿಷ್ ಕೂಲಿಗಳ ಬಗ್ಗೆ ಅವನಾಡಿದ ಮಾತೂ ಓದಲು ಹಿತವಲ್ಲ, ಮುಚ್ಚಿಡುವುದಿಲ್ಲ. ಆದರೆ ಕಾನೂನಿಗೆ ಕೈ ಹಾಕುವ ಅಧ್ಯಕ್ಷನ ಕಣ್ಣೆದುರು ಸದಾ ನೇಣುಗಂಬ ಮತ್ತು ಹಗ್ಗ ಇರಲಿ ಎಂದು ಬರೆದದ್ದೂ ಅಧ್ಯಕ್ಷನನ್ನು ಕೇಳಿದ ಅದೇ ಲೇಖನದಲ್ಲಿ. 1930ರ ಜುಲೈಯಲ್ಲಿ ಚಾನ್ಸಲರ್ ಬ್ರೂನಿಂಗ್‌ನ ಸುಗ್ರೀವಾಜ್ಞೆಯನ್ನು ಸಂಸತ್ತು ತಳ್ಳಿಹಾಕಿದಾಗ ಅಧ್ಯಕ್ಷ ಹಿಂಡೆನ್‌ಬರ್ಗ್ ಸಂಸತ್ತನ್ನೇ ವಿಸರ್ಜಿಸಿದ. ಸೆಪ್ಟೆಂಬರ್ ಚುನಾವಣೆಯಲ್ಲಿ ನಾಜಿಗಳು 12 ಸ್ಥಾನಗಳಿಂದ 107ಕ್ಕೆ ಏರಿದರು. 1932ರ ಅಧ್ಯಕ್ಷ ಚುನಾವಣೆಯಲ್ಲಿ ಹಿಟ್ಲರ್ ಸೋತಿದ್ದ ಎಂಬುದನ್ನೂ ಜನ ಮರೆಯುತ್ತಾರೆ. ಕೆಲಸ ಮಾಡದ ಸಂಸತ್ತಿಗೆ ಬಲಿಷ್ಠ ಅಧ್ಯಕ್ಷ ಸಿಕ್ಕಿದರೆ ಏನಾಗುತ್ತದೆ ಅಂತ ತಿಳಿಯಲು, ಮತ್ತೆ, ಆ 1917ರ ಲೇಖನಗಳನ್ನೇ ಓದಬೇಕು.

ವೆಬರ್‌ನ ಹೆಸರು ಹೇಳಿ ಹೆಮ್ಮೆಪಡಲೇಬೇಕೆಂದರೆ ನಮಗೆ ಬೇರೆ ಕಾರಣವಿದೆ. ಅದೇ ಮ್ಯೂನಿಕ್ ಭಾಷಣದಲ್ಲಿ ಅವನು ಕೌಟಿಲ್ಯನ ಅರ್ಥಶಾಸ್ತ್ರದ ಮುಂದೆ, ಕುಟಿಲ ರಾಜನೀತಿಗೆ ಹೆಸರಾದ ಇಟಲಿಯ ಮ್ಯಾಕಿಯವೆಲ್ಲಿ ನಿರುಪದ್ರವಿ ಅನ್ನುತ್ತಾನೆ. ಆ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿ. ಅಧಿಕಾರಿಗಳು ಖಜಾನೆ ನುಂಗುವ 40 ಬಗೆಗಳ ಪಟ್ಟಿಯೂ ಅದರಲ್ಲಿದೆ. ಕೌಟಿಲ್ಯ ಅದನ್ನು ಹಿಡಿಯಲು ಗೂಢಚಾರರನ್ನು ಬಿಟ್ಟ. ವೆಬರ್ ಸಮಿತಿಯಲ್ಲಿ ಫೈಲು ಬಿಚ್ಚಿಸಿ ಎಂದ. ನಮ್ಮ ಚರ್ಚಾಪಟುಗಳಿಗೆ ಎರಡೂ ಬೇಡ. ಮುಂದಿನ ವಾರ ಮತ್ತೆ ವರ್ಚಸ್ಸಿನ ಮೇಲೇ ಒಂದು ಗಂಟೆ ಇರುತ್ತದೆ, ಬೇಕಾದರೆ ನೋಡಿ.